ಈ ನೂಡಲ್ಸ್‌ಗೆ ಬಾಣಲೆ ಬೇಡ

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯ ಅಡುಗೆ ಅಂಕಣದಲ್ಲಿ ‘ಚೈನೀಸ್ ಪೀನಟ್ ನೂಡಲ್ಸ್’ ಮಾಡುವ ಬಗೆ ಪ್ರಕಟವಾಗಿತ್ತು. ಬೇಯಿಸಿದ ನೂಡಲ್ಸನ್ನು ಕ್ಯಾಪ್ಸಿಕಂ, ಎಲೆಕೋಸು, ಕ್ಯಾರೆಟ್ ಜೊತೆ ದೊಡ್ಡ ಉರಿಯಲ್ಲಿ ಹುರಿದು, ಟೊಮೆಟೊ ಸಾಸ್ ಸುರಿದು, ಕೊನೆಗೆ ಎರಡು ಚಮಚ ಪೀನಟ್ ಬಟರ್ ಹಾಕಿ ಚೆನ್ನಾಗಿ ಕೈಯಾಡಿಸಿ ಎಂದು ಅದರಲ್ಲಿತ್ತು. ಅದನ್ನು ನಂಬಿ ಮಾಡಿದವರು ಆಮೇಲೆ ಬಾಣಲೆ ಉಜ್ಜಲು ಪಟ್ಟ ಪಾಡು ಊಹಿಸಬಹುದು. ಬಿಸಿ ಕಬ್ಬಿಣಕ್ಕೆ ಬಿದ್ದ ಶೇಂಗಾ ಪೇಸ್ಟ್ ಕ್ಷಣದಲ್ಲಿ ಎಣ್ಣೆ ಒಂದು ಕಡೆ, ಹಿಟ್ಟು ಒಂದು ಕಡೆ ಒಡೆದುಕೊಳ್ಳುತ್ತದೆ. ಹಿಟ್ಟು ತಳ ಹಿಡಿದು ಕಹಿಯಾಗುತ್ತದೆ, ಎಣ್ಣೆ ಎಳೆಗಳ ಮೇಲೆ ಜಿಡ್ಡಾಗಿ ಕೂರುತ್ತದೆ, ಮತ್ತೊಮ್ಮೆ ಬೆಂದ ನೂಡಲ್ಸ್ ಮುರಿದು ಮುದ್ದೆಯಾಗುತ್ತದೆ. ಅಡುಗೆ ಮಾಡಿದವರ ಕೈ ಸರಿಯಾಗಿಯೇ ಇದೆ, ಕ್ರಮವೇ ತಪ್ಪು.

ಶೇಂಗಾ ನೂಡಲ್ಸ್ ಹುರಿಯುವ ತಿನಿಸಲ್ಲ, ಕಲಸುವ ತಿನಿಸು. ಬಟ್ಟಲಿನ ತಳದಲ್ಲಿ ಸಾಸ್, ಖಾರದೆಣ್ಣೆ, ಅದರ ಮೇಲೆ ನೀರಿನಿಂದ ಈಗಷ್ಟೇ ಎತ್ತಿದ ನೂಡಲ್ಸ್. ತಿನ್ನುವವರೇ ಅಡಿಮೇಲು ಮಾಡಿ ಕಲಸಿಕೊಳ್ಳುತ್ತಾರೆ. ಚೀನಾದ ಫುಜಿಯಾನ್ ಪ್ರಾಂತ್ಯದ ಶಾಶಿಯಾನ್ ಎಂಬ ಊರಿನ ಹೆಸರು ಹೊತ್ತ ಸಣ್ಣ ಹೋಟೆಲುಗಳು ಆ ದೇಶದ ಉದ್ದಗಲಕ್ಕೂ ಇವೆ. ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಖರ್ಚಾಗುವುದು ಶೇಂಗಾ ಪೇಸ್ಟಿನಲ್ಲಿ ಕಲಸಿದ ನೂಡಲ್ಸ್. ಅದರಲ್ಲಿ ಖಾರ ಕಡಿಮೆ, ಬೇಕಾದವರು ಮೇಜಿನ ಮೇಲಿನ ಮೆಣಸಿನ ಡಬ್ಬಿಗೆ ಕೈ ಹಾಕಬೇಕು. ಪಶ್ಚಿಮಕ್ಕೆ ಸಿಚುವಾನ್ ಪ್ರಾಂತ್ಯಕ್ಕೆ ಹೋದರೆ ದಾನ್‌ದಾನ್ ನೂಡಲ್ಸ್ ಸಿಗುತ್ತದೆ. ಹಿಂದೆ ಅದನ್ನು ಹೆಗಲ ಮೇಲಿನ ಅಡ್ಡೆಯಲ್ಲಿ ಹೊತ್ತು ಬೀದಿಬೀದಿ ಮಾರುತ್ತಿದ್ದರು. ಅಲ್ಲಿ ಖಾರದೆಣ್ಣೆಯದೇ ಆಡಳಿತ. ಶೇಂಗಾ ಬರುವುದು ಹೆಚ್ಚಾಗಿ ಮೇಲೆ ಉದುರಿಸುವ ತರಿಯಾಗಿ, ಪೇಸ್ಟ್ ಇದ್ದರೂ ಅದು ಹುರಿದ ಎಳ್ಳಿನದು. ವುಹಾನಿನವರ ಬೆಳಗಿನ ಉಪಾಹಾರದ ‘ಬಿಸಿ ಒಣ ನೂಡಲ್ಸ್’ ಕೂಡ ಎಳ್ಳಿನ ಪೇಸ್ಟಿನದೇ. ಇಂದು ಮನೆಗಳಲ್ಲಿ ಮಾಡುವ ಖಾರದ ಶೇಂಗಾ ನೂಡಲ್ಸ್ ಎಂದರೆ ಫುಜಿಯಾನಿನ ಪೇಸ್ಟ್, ಸಿಚುವಾನಿನ ಎಣ್ಣೆ ಎರಡೂ ಒಂದೇ ಬಟ್ಟಲಿನಲ್ಲಿ ಕೂಡಿದ್ದು. ಯಾವುದರಲ್ಲೂ ಟೊಮೆಟೊ ಸಾಸ್ ಇಲ್ಲ.

ನಮ್ಮ ನಾಡಿಗೆ ಇದು ಒಗ್ಗದ ರುಚಿಯೇನಲ್ಲ. ಶೇಂಗಾ ಬೆಳೆಯುವುದರಲ್ಲಿ ಜಗತ್ತಿನಲ್ಲಿ ಚೀನಾ ಮೊದಲು, ಭಾರತ ಎರಡನೆಯದು. ಚಳ್ಳಕೆರೆ, ಪಾವಗಡದ ಕಡೆಯ ಬೀಜ, ಬ್ಯಾಡಗಿ ಮೆಣಸಿನಕಾಯಿ ಎರಡೂ ಕೈಗೆಟಕುವಲ್ಲಿರುವಾಗ ಹೊರಗಿನಿಂದ ತರಿಸಬೇಕಾದದ್ದು ಎರಡು ಮೂರು ಸಾಮಾನು ಮಾತ್ರ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡಗಳ ಕಡೆಯಿಂದ ಹಡಗು ಹತ್ತಿ ಬಂದವು. ಆ ಲೆಕ್ಕದಲ್ಲಿ ಈ ಅಡುಗೆಯ ಮುಖ್ಯ ಪದಾರ್ಥಗಳಿಗೆ ಚೀನೀಯರೂ ನಾವೂ ಒಂದೇ ಕಾಲದ ಹೊಸಬರು.

ಮೊದಲು ಪೇಸ್ಟ್. ಅಂಗಡಿಯ ಪೀನಟ್ ಬಟರ್ ಬಳಸಬಾರದು ಎಂದೇನಿಲ್ಲ. ಡಬ್ಬಿಯ ಹಿಂದೆ ಸಕ್ಕರೆ ಎಂದು ಬರೆದಿದ್ದರೆ ಮುಂದೆ ಹೇಳುವ ಸಕ್ಕರೆಯನ್ನು ಬಿಟ್ಟುಬಿಡಿ, ಉಪ್ಪು ಬರೆದಿದ್ದರೆ ಸೋಯಾ ಸಾಸ್ ಅರ್ಧ ಚಮಚ ಕಡಿಮೆ ಮಾಡಿ. ಮನೆಯಲ್ಲೇ ಮಾಡುವುದಾದರೆ 200 ಗ್ರಾಂ ಬೀಜ ತೆಗೆದುಕೊಂಡು ಹುರಿಯುವ ಮೊದಲೇ ಆರಿಸಿ. ಬೂಷ್ಟು ಹಿಡಿದದ್ದು, ಸುರುಟಿದ್ದು, ಬಣ್ಣಗೆಟ್ಟದ್ದು ಇದ್ದರೆ ಎಸೆಯಿರಿ. ಶೇಂಗಾದ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಬಿಡದೆ ಕೈಯಾಡಿಸಿ. ಓವನ್ ಇದ್ದರೆ 160 ಡಿಗ್ರಿಯಲ್ಲಿ 20 ನಿಮಿಷ. ಒಂದು ಬೀಜ ಬಿಡಿಸಿ ನೋಡಿದರೆ ಒಳಗಿನ ಬೇಳೆ ತಿಳಿ ಚಿನ್ನದ ಬಣ್ಣದಲ್ಲಿರಬೇಕು. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಕಾಣುವವರೆಗೆ ಕಾದರೆ ತಡವಾಯಿತು, ಕೆಳಗಿಳಿಸಿದ ಮೇಲೂ ಬೀಜ ತನ್ನ ಬಿಸಿಗೆ ತಾನೇ ಇನ್ನಷ್ಟು ಬೇಯುತ್ತದೆ. ದೊಡ್ಡ ಉರಿಯಲ್ಲಿ ಹುರಿದದ್ದು ಹೊರಗೆ ಕಪ್ಪು, ಒಳಗೆ ಹಸಿ. ಹಸಿ ಶೇಂಗಾದ ಸೊಗಡನ್ನು ಯಾವ ಸಾಸೂ ಮುಚ್ಚುವುದಿಲ್ಲ.

ಸಿಪ್ಪೆ ಉಜ್ಜಿ ಕೇರಿ, ಬೀಜ ಇನ್ನೂ ಉಗುರು ಬೆಚ್ಚಗಿರುವಾಗಲೇ ಮಿಕ್ಸಿಯ ಚಿಕ್ಕ ಜಾರಿಗೆ ಹಾಕಿ. ಅರ್ಧ ಜಾರಿಗಿಂತ ಹೆಚ್ಚು ತುಂಬಬೇಡಿ. ಮೊದಲು ಪುಡಿಯಾಗುತ್ತದೆ, ಆಮೇಲೆ ಪುಡಿ ಜಾರಿನ ಗೋಡೆಗೆ ಮೆತ್ತಿಕೊಳ್ಳುತ್ತದೆ. ಹೆಚ್ಚಿನವರು ಇಲ್ಲಿಯೇ ಕೈಬಿಟ್ಟು ನೀರು ಹಾಕಿಬಿಡುತ್ತಾರೆ. ಈ ಹಂತದಲ್ಲಿ ನೀರು ಹಾಕಿದರೆ ಅದು ಚಟ್ನಿ, ಪೇಸ್ಟ್ ಅಲ್ಲ. ಗೋಡೆ ಕೆರೆದು ಮತ್ತೆ ಓಡಿಸಿ, 30 ಸೆಕೆಂಡಿಗೊಮ್ಮೆ ನಿಲ್ಲಿಸಿ ಮೋಟಾರಿಗೆ ಉಸಿರಾಡಲು ಬಿಡಿ. ಮೂರು ನಾಲ್ಕು ಸುತ್ತಿನ ಹೊತ್ತಿಗೆ ಬೀಜ ತನ್ನ ಎಣ್ಣೆಯನ್ನು ತಾನೇ ಬಿಟ್ಟು ಹೊಳೆಯುತ್ತ ಹರಿಯತೊಡಗುತ್ತದೆ. ಹರಿಯದಿದ್ದರೆ ಒಂದು ಟೀ ಚಮಚ ಶೇಂಗಾ ಎಣ್ಣೆ ಸಾಕು. ಇದೇ ಹೊತ್ತಿಗೆ ಎರಡು ದೊಡ್ಡ ಚಮಚ ಹುರಿದ ಬಿಳಿ ಎಳ್ಳು ಸೇರಿಸಿ ಅರೆದರೆ ಚೀನೀಯರ ಎಳ್ಳಿನ ಪೇಸ್ಟಿನ ಪರಿಮಳ ಸ್ವಲ್ಪಮಟ್ಟಿಗೆ ಸಿಗುತ್ತದೆ. ಇದಕ್ಕೆ ನಮ್ಮ ಎಳ್ಳೆಣ್ಣೆ ಸುರಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಚೀನೀ ಎಳ್ಳೆಣ್ಣೆ ಗಾಢವಾಗಿ ಹುರಿದ ಎಳ್ಳಿನದು, ಕಂದು ಬಣ್ಣದ್ದು, ಹನಿ ಲೆಕ್ಕದಲ್ಲಿ ಬಳಸುವಂಥದ್ದು. ನಮ್ಮದು ಉಪ್ಪಿನಕಾಯಿಗೆ, ದೋಸೆಗೆ.

ಇನ್ನು ಇಡೀ ಅಡುಗೆ ನಿಂತಿರುವ ಜಾಗ: ಪೇಸ್ಟನ್ನು ಸಡಿಲಿಸುವುದು. ಇಬ್ಬರಿಗೆ ನಾಲ್ಕು ದೊಡ್ಡ ಚಮಚ, ಅಂದರೆ ಸುಮಾರು 60 ಗ್ರಾಂ ಪೇಸ್ಟ್ ಒಂದು ಅಗಲ ಬಟ್ಟಲಿಗೆ ಹಾಕಿ. ಒಂದು ದೊಡ್ಡ ಚಮಚ ಬಿಸಿ ನೀರು ಹಾಕಿ ಕಲಸಿ. ಅದುವರೆಗೆ ಚಮಚದಿಂದ ಜಾರುತ್ತಿದ್ದ ಪೇಸ್ಟ್ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಉಂಡೆ ಕಟ್ಟುತ್ತದೆ, ಅಂಚಿನಲ್ಲಿ ಎಣ್ಣೆ ಒಸರುತ್ತದೆ. ನೀರು ಹಾಕಿದರೆ ತೆಳುವಾಗಬೇಕಾದದ್ದು ಗಟ್ಟಿಯಾಯಿತಲ್ಲ ಎಂದು ಗಾಬರಿಯಾಗಿ ಒಮ್ಮೆಗೇ ಅರ್ಧ ಲೋಟ ಸುರಿದರೆ ಕೆಲಸ ಕೆಟ್ಟಿತು, ಗಂಟುಗಳು ನೀರಿನಲ್ಲಿ ತೇಲತೊಡಗುತ್ತವೆ. ಎರಡನೇ ಚಮಚ ಹಾಕಿ ಬಟ್ಟಲಿನ ಗೋಡೆಗೆ ಒತ್ತಿ ತಿಕ್ಕಿ. ಇನ್ನೂ ಗಟ್ಟಿ, ಇನ್ನೂ ಮರಳು ಮರಳು. ಮೂರನೆಯದಕ್ಕೆ ಉಂಡೆ ಬಿಡತೊಡಗುತ್ತದೆ. ನಾಲ್ಕನೆಯದಕ್ಕೆ ಕಂದು ಹೋಗಿ ಕೆನೆಯ ಬಣ್ಣಕ್ಕೆ ತಿರುಗಿ, ನುಣ್ಣಗೆ ಹೊಳೆಯುತ್ತದೆ.

ಕಾರಣ ಸರಳ. ಶೇಂಗಾ ಪೇಸ್ಟ್ ಎಂದರೆ ಎಣ್ಣೆಯಲ್ಲಿ ತೇಲುವ ಒಣ ಕಣಗಳು. ಮೊದಲ ಹನಿ ನೀರನ್ನು ಆ ಕಣಗಳ ಸಕ್ಕರೆ, ಪ್ರೋಟೀನು ಹೀರಿಕೊಂಡು ಒಂದಕ್ಕೊಂದು ಅಂಟುತ್ತವೆ. ನೀರು ಸಾಕಷ್ಟು ಆದ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ, ಎಣ್ಣೆಯೇ ಸಣ್ಣ ಹನಿಗಳಾಗಿ ನೀರಿನಲ್ಲಿ ಹರಡಿ ಕೂರುತ್ತದೆ. ಹಾಗೆ ಕೂತ ಸಾಸ್ ಮಾತ್ರ ಎಳೆಗೆ ಹತ್ತುತ್ತದೆ. ಬರೀ ಎಣ್ಣೆಯಿಂದ ತೆಳು ಮಾಡಿದ್ದು ಹತ್ತದು, ತಿಂದವರ ಬಾಯಲ್ಲಿ ಜಿಡ್ಡಷ್ಟೇ ಉಳಿಯುತ್ತದೆ. ಬಿಸಿ ನೀರಿನ ಬದಲು ನೂಡಲ್ಸ್ ಬೆಂದ ನೀರಾದರೆ ಇನ್ನೂ ಒಳ್ಳೆಯದು, ಅದರ ಗಂಜಿ ಸಾಸನ್ನು ಒಡೆಯದಂತೆ ಹಿಡಿದಿಡುತ್ತದೆ. ಒಟ್ಟು 90ರಿಂದ 120 ಮಿ.ಲೀ. ಹಿಡಿಯಬಹುದು. ಸಾಸ್ ಉದ್ದಿನ ದೋಸೆಯ ಹಿಟ್ಟಿಗಿಂತ ತುಸು ತೆಳುವಾಗಿದ್ದಾಗ ನಿಲ್ಲಿಸಿ. ಬಟ್ಟಲಿನಲ್ಲಿ ಸ್ವಲ್ಪ ತೆಳುವಾಯಿತು ಎನಿಸಿದರೆ ಅದೇ ಸರಿ, ನೂಡಲ್ಸ್ ಬಿದ್ದ ಒಂದೇ ನಿಮಿಷದಲ್ಲಿ ಅದು ನೀರು ಎಳೆದುಕೊಂಡು ಬಿಗಿಯುತ್ತದೆ.

ಸೋಯಾ ಸಾಸ್, ವಿನಿಗರ್ ಎಲ್ಲ ಪೇಸ್ಟ್ ಸಡಿಲಾದ ಮೇಲೆ. ಇಬ್ಬರ ಲೆಕ್ಕಕ್ಕೆ ತಿಳಿ ಸೋಯಾ ಸಾಸ್ ಒಂದೂವರೆ ದೊಡ್ಡ ಚಮಚ, ಕಪ್ಪು ಸೋಯಾ ಸಾಸ್ ಅರ್ಧ ಟೀ ಚಮಚ. ತಿಳಿಯದು ಉಪ್ಪು ಮತ್ತು ರುಚಿಗೆ, ಕಪ್ಪಿನದು ಬಣ್ಣಕ್ಕೆ. ಕಪ್ಪಿನದನ್ನೇ ಎರಡು ಚಮಚ ಸುರಿದರೆ ಬಟ್ಟಲು ಡಾಂಬರಿನ ಬಣ್ಣಕ್ಕೆ ಬರುತ್ತದೆ. ಸೋಯಾ ಸಾಸಿನಲ್ಲೇ ಬೇಕಾದಷ್ಟು ಉಪ್ಪಿರುವುದರಿಂದ ಸಾಸಿಗೆ ಬೇರೆ ಉಪ್ಪು ಬೇಡ. ಸಕ್ಕರೆ ಒಂದೂವರೆ ಟೀ ಚಮಚ. ಬೆಲ್ಲವೂ ನಡೆಯುತ್ತದೆ, ಆದರೆ ಮೊದಲೇ ಬಿಸಿ ನೀರಿನಲ್ಲಿ ಕರಗಿಸಿರಬೇಕು. ಬೆಳ್ಳುಳ್ಳಿ ಎರಡು ಎಸಳು ಜಜ್ಜಿ ಎರಡು ದೊಡ್ಡ ಚಮಚ ಬಿಸಿ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು, ಆ ನೀರನ್ನೂ ಬೆಳ್ಳುಳ್ಳಿಯನ್ನೂ ಸೇರಿಸಿ. ಹಸಿ ಬೆಳ್ಳುಳ್ಳಿಯ ಚುರುಕು ಹೀಗೆ ಮಾಡಿದರೆ ಸಾಸಿನ ತುಂಬ ಹರಡುತ್ತದೆ, ಒಂದೇ ತುತ್ತಿನಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ತರಿಸುವುದಿಲ್ಲ.

ವಿನಿಗರ್ ವಿಚಾರ ಒಂದು ಮಾತು. ಚೀನಾದಲ್ಲಿ ಇದಕ್ಕೆ ಧಾನ್ಯದಿಂದ ಹುದುಗಿಸಿದ ಕಪ್ಪು ವಿನಿಗರ್ ಬಳಸುತ್ತಾರೆ. ಜಿಯಾಂಗ್ಸು ಪ್ರಾಂತ್ಯದ ಝೆಂಜಿಯಾಂಗಿನದು ಅಂಟಕ್ಕಿಯಿಂದ ಆದದ್ದು, ಅದೇ ಹೆಚ್ಚು ಹೆಸರುವಾಸಿ, ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಅದಾದರೆ ಎರಡು ಟೀ ಚಮಚ. ನಮ್ಮ ಕಿರಾಣಿ ಅಂಗಡಿಯ ಬಿಳಿ ಸಿಂಥೆಟಿಕ್ ವಿನಿಗರ್ ಆದರೆ ಒಂದು ಟೀ ಚಮಚಕ್ಕೆ ಕಾಲು ಚಮಚ ಸಕ್ಕರೆ ಜಾಸ್ತಿ ಮಾಡಿ, ಅದರಲ್ಲಿ ಹುಳಿಯಿದೆ, ಪರಿಮಳವಿಲ್ಲ. ಹುಣಸೆಹಣ್ಣಿನ ರಸ ಬೇಡ. ಹುಣಸೆ, ಶೇಂಗಾ, ಬೆಲ್ಲ, ಖಾರ ಒಟ್ಟಾದ ಕೂಡಲೇ ನಾಲಿಗೆ ಪುಳಿಯೋಗರೆ ಎಂದು ತೀರ್ಮಾನಿಸಿಬಿಡುತ್ತದೆ. ನಿಂಬೆಹಣ್ಣು ಹಿಂಡುವುದಾದರೆ ತಿನ್ನುವ ಹೊತ್ತಿಗೆ, ಕೆಲವೇ ಹನಿ.

ಇನ್ನು ಖಾರದೆಣ್ಣೆ. ಸಮಯ ಇರುವವರು ಇದೊಂದನ್ನು ಸರಿಯಾಗಿ ಕಲಿತರೆ ಉಳಿದದ್ದೆಲ್ಲ ಹತ್ತು ನಿಮಿಷದ ಕೆಲಸ. ಸಿಚುವಾನಿನವರು ಒಂದೇ ಜಾತಿಯ ಮೆಣಸಿನಕಾಯಿಯಿಂದ ಇದನ್ನು ಮಾಡುವುದಿಲ್ಲ. ಬಣ್ಣಕ್ಕೆ, ಪರಿಮಳಕ್ಕೆ ಒಂದು ಉದ್ದನೆಯ ಮೆಣಸಿನಕಾಯಿ, ಖಾರಕ್ಕೆ ಇನ್ನೊಂದು ಗಿಡ್ಡದ್ದು. ನಮ್ಮಲ್ಲಿ ಸಾರಿನ ಪುಡಿ ಮಾಡುವವರಿಗೆ ಈ ಹಂಚಿಕೆ ಗೊತ್ತಿರುವುದೇ: ಬ್ಯಾಡಗಿ ನಾಲ್ಕು ಪಾಲು, ಗುಂಟೂರು ಒಂದು ಪಾಲು. ಬ್ಯಾಡಗಿಯಲ್ಲೂ ಡಬ್ಬಿ ಜಾತಿಯದು ಸಿಕ್ಕರೆ ಬಣ್ಣ ಇನ್ನೂ ಚೆಂದ. 40 ಗ್ರಾಂ ಬ್ಯಾಡಗಿ, 10 ಗ್ರಾಂ ಗುಂಟೂರು ತೊಟ್ಟು ಮುರಿದು, ಬೀಜ ಕೊಡವಿ, ಸಣ್ಣ ಉರಿಯಲ್ಲಿ ನಾಲ್ಕೈದು ಹನಿ ಎಣ್ಣೆಯೊಂದಿಗೆ ಗರಿಗರಿಯಾಗುವವರೆಗೆ ಮಾತ್ರ ಬಿಸಿ ಮಾಡಿ. ಆರಿದ ಮೇಲೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ತರಿ ಮಾಡಿ. ನುಣ್ಣನೆಯ ಖಾರದ ಪುಡಿ ಇದಕ್ಕೆ ಬೇಡ, ಬಿಸಿ ಎಣ್ಣೆ ತಾಕಿದ ಕ್ಷಣ ಅದು ಸುಟ್ಟು ಕಪ್ಪಾಗುತ್ತದೆ. ಪೂರ್ತಿ ದಪ್ಪ ತರಿಯೂ ಬೇಡ, ಬಣ್ಣ ಬಿಡುವುದಿಲ್ಲ.

ಎಣ್ಣೆ 250 ಮಿ.ಲೀ. ಸಿಚುವಾನಿನಲ್ಲಿ ಹುರಿದ ರೇಪ್‌ಸೀಡ್ ಎಂಬ ಸಾಸಿವೆ ಜಾತಿಯ ಬೀಜದ ಎಣ್ಣೆಯನ್ನು ಹೊಗೆಯಾಡುವವರೆಗೆ ಕಾಯಿಸಿ ಆಮೇಲೆ ಆರಿಸಿ ಬಳಸುತ್ತಾರೆ. ಇಲ್ಲಿ ರಿಫೈನ್ಡ್ ಶೇಂಗಾ ಎಣ್ಣೆ ಸಾಕು. ಗಾಣದ ಎಣ್ಣೆಯ ಪರಿಮಳ ಈ ಅಡುಗೆಗೆ ತುಂಬ ಒಪ್ಪುತ್ತದೆ ನಿಜ, ಆದರೆ ಅದು ಬೇಗ ಹೊಗೆಯಾಡುತ್ತದೆ, ಕಾಯುವಾಗ ನೊರೆ ಬರುತ್ತದೆ. ಅರ್ಧ ರಿಫೈನ್ಡ್ ಕಾಯಿಸಿ, ಕೊನೆಗೆ ಅರ್ಧ ಗಾಣದ್ದು ಬೆರೆಸುವುದು ಜಾಣತನ. ತಣ್ಣನೆಯ ಎಣ್ಣೆಗೇ ಎರಡು ಬಿಲ್ಲೆ ಶುಂಠಿ, ಈರುಳ್ಳಿ ಹೂವಿನ ಬಿಳಿ ಭಾಗ ಎರಡು, ಒಂದು ಚಕ್ರಮೊಗ್ಗು, ಬೆರಳಷ್ಟು ಚಕ್ಕೆ, ಒಂದು ಪಲಾವ್ ಎಲೆ ಹಾಕಿ ಸಣ್ಣ ಉರಿಯಲ್ಲಿ ಇಡಿ. ಈರುಳ್ಳಿಯ ಅಂಚು ಕಂದಾದಾಗ ಎಲ್ಲವನ್ನೂ ಜಾಲರಿಯಲ್ಲಿ ಎತ್ತಿಬಿಡಿ. ಬಿಟ್ಟರೆ ಚಕ್ರಮೊಗ್ಗು ಉಳಿದವರನ್ನೆಲ್ಲ ಹಿಂದೆ ತಳ್ಳಿ ಬಿರಿಯಾನಿಯ ವಾಸನೆ ತರುತ್ತದೆ.

ಮೆಣಸಿನ ತರಿಯನ್ನು ಸ್ಟೀಲ್ ಪಾತ್ರೆಗೆ ಹಾಕಿ, ಒಂದು ದೊಡ್ಡ ಚಮಚ ಎಳ್ಳು, ಚಿಟಿಕೆ ಉಪ್ಪು ಸೇರಿಸಿ. ಅದರ ಮೇಲೆ ಎರಡು ಚಮಚ ತಣ್ಣನೆಯ ಎಣ್ಣೆ ಚಿಮುಕಿಸಿ ಒದ್ದೆ ಮಾಡಿಡಿ, ಬಿಸಿ ಎಣ್ಣೆಯ ಮೊದಲ ಹೊಡೆತವನ್ನು ಇದು ತಡೆಯುತ್ತದೆ. ಥರ್ಮಾಮೀಟರ್ ಇದ್ದರೆ ಎಣ್ಣೆ 170 ಡಿಗ್ರಿ ಇದ್ದಾಗ ಮೂರನೇ ಒಂದು ಭಾಗ ಸುರಿಯಿರಿ, ಕಲಕಿ, ಇದು ಪರಿಮಳಕ್ಕೆ. ಉಳಿದ ಎಣ್ಣೆ 150ಕ್ಕೆ ಇಳಿದಾಗ ಇನ್ನೊಂದು ಭಾಗ, ಇದು ಬಣ್ಣಕ್ಕೆ. 130ರ ಹತ್ತಿರ ಬಂದಾಗ ಉಳಿದದ್ದು. ಥರ್ಮಾಮೀಟರ್ ಇಲ್ಲದವರು ಒಂದು ಚೂರು ಮೆಣಸಿನ ತರಿಯನ್ನು ಎಣ್ಣೆಗೆ ಹಾಕಿ ನೋಡಿ. ಮುಳುಗಿ ಸುಮ್ಮನಿದ್ದರೆ ಎಣ್ಣೆ ಸಾಲದು. ಸುತ್ತ ಗುಳ್ಳೆ ಎದ್ದು ಕೆಂಪಾಗಿಯೇ ಉಳಿದರೆ ಸರಿ. ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪಾದರೆ ಒಲೆ ಆರಿಸಿ ಎರಡು ನಿಮಿಷ ಕಾಯಿರಿ. ಕಮಟು ಬಂದ ಎಣ್ಣೆಯನ್ನು ಸಕ್ಕರೆ ಹಾಕಿ ಸರಿಮಾಡಲು ಹೋಗಬೇಡಿ. ಅದು ಸರಿಯಾಗುವುದಿಲ್ಲ, ಚೆಲ್ಲಬೇಕು.

ಮಾಡಿದ ದಿನವೇ ಬಳಸಬಹುದು, ಆದರೆ ಒಂದು ರಾತ್ರಿ ಮುಚ್ಚಿಟ್ಟರೆ ಬಣ್ಣ ಎಣ್ಣೆಗೆ ಇಳಿಯುತ್ತದೆ, ಖಾರ ಹದವಾಗುತ್ತದೆ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುವ ಬಣ್ಣ, ನೀರಿನಲ್ಲಿ ಕರಗುವುದಿಲ್ಲ. ಇದನ್ನು ವಿಶೇಷವಾಗಿ ಹೇಳಲು ಕಾರಣವಿದೆ. ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ ಮೇಲೂ ‘ಚೈನೀಸ್’ ಎಂದರೆ ಕಣ್ಣು ಕುಕ್ಕುವ ಕೆಂಪು ಎಂಬ ನಂಬಿಕೆ ಅಡುಗೆಮನೆಗಳಲ್ಲಿ ಉಳಿದಿದೆ. ನಿಮ್ಮ ಪುರವಣಿಯ ಪಾಕವಿಧಾನದಲ್ಲೂ ‘ಬೇಕಿದ್ದರೆ ಕೆಂಪು ಬಣ್ಣ’ ಎಂಬ ಸಾಲಿತ್ತು. ಬ್ಯಾಡಗಿಯನ್ನು ಹದವಾದ ಬಿಸಿಯ ಎಣ್ಣೆಯಲ್ಲಿ ಒಂದು ರಾತ್ರಿ ಬಿಟ್ಟವರಿಗೆ ಆ ಸಾಲು ಬೇಕಾಗುವುದಿಲ್ಲ.

ಎಣ್ಣೆಗೆ ಹಸಿ ಬೆಳ್ಳುಳ್ಳಿ ಹಾಕಿ ಹೊರಗಿಡುವುದು ಅಪಾಯ. ಗಾಳಿಯಾಡದ ಎಣ್ಣೆಯೊಳಗೆ ತೇವವಿರುವ ಬೆಳ್ಳುಳ್ಳಿಯಲ್ಲಿ ಬಾಟ್ಯುಲಿಸಂ ಎಂಬ ಮಾರಕ ಆಹಾರವಿಷ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ವಾಸನೆಯಲ್ಲಿ, ಬಣ್ಣದಲ್ಲಿ ಏನೂ ಗೊತ್ತಾಗುವುದಿಲ್ಲ. ಬೆಳ್ಳುಳ್ಳಿ ಹಾಕಿದರೆ ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ. ಬರೀ ಒಣ ಮೆಣಸಿನಕಾಯಿ, ಒಣ ಮಸಾಲೆಯದು ಒಣ ಚಮಚ ಹಾಕುವ ಶಿಸ್ತಿದ್ದರೆ ಫ್ರಿಜ್ಜಿನಲ್ಲಿ ಒಂದೆರಡು ತಿಂಗಳು ಚೆನ್ನಾಗಿರುತ್ತದೆ.

ಖಾರದ ಜೊತೆ ನಾಲಿಗೆ ಜುಮ್ಮೆನ್ನುವುದು ಸಿಚುವಾನಿನ ಗುರುತು. ಅದು ಅಲ್ಲಿನ ಹುವಾಜಿಯಾವ್ ಎಂಬ ಕಾಯಿಯ ಸಿಪ್ಪೆಯಿಂದ ಬರುತ್ತದೆ, ಇಲ್ಲಿ ಸಿಚುವಾನ್ ಪೆಪ್ಪರ್ ಎಂದು ಮಾರುತ್ತಾರೆ. ಮೆಣಸಿನಕಾಯಿ ಉರಿಸುತ್ತದೆ, ಇದು ನಡುಗಿಸುತ್ತದೆ. ಲಂಡನ್ನಿನ ಸಂಶೋಧಕರು 2013ರಲ್ಲಿ ಅಳೆದಂತೆ, ತುಟಿಗೆ ಇದನ್ನು ಹಚ್ಚಿದಾಗ ಸೆಕೆಂಡಿಗೆ ಸುಮಾರು 50 ಸಲದ ಕಂಪನ ತಾಕಿದ ಅನುಭವವಾಗುತ್ತದೆ. ಕೊಂಡು ತಂದದ್ದರಲ್ಲಿ ಕಪ್ಪು ಬೀಜಗಳಿದ್ದರೆ ಆರಿಸಿ ತೆಗೆಯಿರಿ, ಅವು ಎಷ್ಟು ಕುಟ್ಟಿದರೂ ಹಲ್ಲಿಗೆ ಮರಳಿನಂತೆ ಸಿಗುತ್ತವೆ. ಸಿಪ್ಪೆಯನ್ನು ಸಣ್ಣ ಉರಿಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿ ಕುಟ್ಟಿ, ಜರಡಿ ಹಿಡಿಯಿರಿ. ಇಬ್ಬರಿಗೆ ಕಾಲು ಟೀ ಚಮಚ, ರೂಢಿಯಾದವರಿಗೆ ಅರ್ಧ. ಪುಡಿ ಮಾಡಿ ತಿಂಗಳುಗಟ್ಟಲೆ ಇಟ್ಟರೆ ಬರೀ ಹೊಟ್ಟು.

ಕರಾವಳಿಯವರು, ಉತ್ತರ ಕನ್ನಡದವರು ಇದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿ, ಕೊಂಕಣಿಯವರ ತೆಪ್ಪಲ್, ಇದೇ ಕುಲದ ಮರದ ಕಾಯಿ. ಪರಿಮಳ ಪೂರ್ತಿ ಒಂದೇ ಅಲ್ಲ, ಆದರೆ ಜುಮ್ಮೆನ್ನಿಸುವ ಗುಣ ಇದಕ್ಕೂ ಉಂಟು. ಕಾಯಿ ದೊಡ್ಡದಿರುವುದರಿಂದ ಬೀಜ ತೆಗೆದು ಎರಡು ಕಾಯಿಯ ಸಿಪ್ಪೆ ಇಬ್ಬರಿಗೆ ಸಾಕು. ಮೀನಿನ ಸಾರಿಗೆ ಜಜ್ಜಿ ಕೊನೆಗೆ ಹಾಕುವಂತೆ ಇಲ್ಲಿಯೂ ಕೊನೆಗೇ ಹಾಕಬೇಕು.

ನೂಡಲ್ಸ್ ಯಾವುದಾದರೂ ಆಗಬಹುದು ಎನ್ನುವವರ ಜೊತೆ ನಮಗೆ ಸ್ವಲ್ಪ ತಕರಾರಿದೆ. ಮಂದವಾದ ಸಾಸಿಗೆ ಕೂದಲೆಳೆಯಂಥ ನೂಡಲ್ಸ್ ನಿಲ್ಲುವುದಿಲ್ಲ, ಗಂಟಾಗುತ್ತದೆ. ತುಸು ದಪ್ಪನೆಯ, ಹಲ್ಲಿಗೆ ಎದುರು ಕೊಡುವ ಗೋಧಿ ನೂಡಲ್ಸ್ ಬೇಕು. ಪೊಟ್ಟಣದ ಹಕ್ಕಾ ನೂಡಲ್ಸ್ ಆದರೆ ಇಬ್ಬರಿಗೆ 200 ಗ್ರಾಂ, ಎರಡೂವರೆ ಲೀಟರ್ ಕುದಿಯುವ ನೀರು. ನೀರು ಕಡಿಮೆಯಾದರೆ ಗಂಜಿ ಗಟ್ಟಿಯಾಗಿ ಎಳೆ ಅಂಟುತ್ತದೆ. ಪೊಟ್ಟಣದ ಮೇಲೆ ಬರೆದ ಹೊತ್ತಿಗಿಂತ ಒಂದು ನಿಮಿಷ ಮೊದಲೇ ಒಂದೆಳೆ ಕಚ್ಚಿ ನೋಡಿ. ನಡುವೆ ಸೂಜಿಮೊನೆಯಷ್ಟು ಬಿಳಿ ಉಳಿದಿರುವಾಗ ತೆಗೆದರೆ ಸಾಸಿನ ಬಿಸಿಯಲ್ಲಿ ಅದು ಹೋಗುತ್ತದೆ. ಬಿಸಿಯಾಗಿ ತಿನ್ನುವುದಾದರೆ ತಣ್ಣೀರಲ್ಲಿ ತೊಳೆಯಬೇಡಿ, ಎಣ್ಣೆ ಸವರಬೇಡಿ. ಎಣ್ಣೆ ಸವರಿದ ಎಳೆಯ ಮೇಲಿಂದ ಸಾಸ್ ಜಾರಿಹೋಗುತ್ತದೆ. ಎರಡು ನಿಮಿಷದ ಮಸಾಲೆ ನೂಡಲ್ಸ್ ಕೇಕನ್ನು ಮಸಾಲೆ ಪೊಟ್ಟಣ ಪಕ್ಕಕ್ಕಿಟ್ಟು ಬಳಸಬಹುದು, ತಟ್ಟೆಗೆ ಬಂದ ಕೂಡಲೇ ತಿನ್ನಬೇಕು ಅಷ್ಟೆ.

ಕೈಯಲ್ಲೇ ಮಾಡುವ ಉತ್ಸಾಹವಿದ್ದರೆ ಅಡುಗೆ ಸೋಡಾವನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿ 120 ಡಿಗ್ರಿ ಓವನ್ನಿನಲ್ಲಿ ಒಂದು ಗಂಟೆ ಇಡಿ. ಅದು ಸೋಡಿಯಂ ಕಾರ್ಬೊನೇಟ್ ಆಗಿ ಮಾರ್ಪಡುತ್ತದೆ. ಅಲ್ಯೂಮಿನಿಯಂ ತಟ್ಟೆ ಬೇಡ, ಒದ್ದೆ ಕೈಯಲ್ಲಿ ಮುಟ್ಟಬೇಡಿ, ಹೆಚ್ಚು ಪ್ರಬಲವಾದ ಕ್ಷಾರವದು. 200 ಗ್ರಾಂ ಮೈದಾಗೆ ಇದು 2 ಗ್ರಾಂ, ಉಪ್ಪು 2 ಗ್ರಾಂ, ಎರಡನ್ನೂ 90 ಮಿ.ಲೀ. ನೀರಿನಲ್ಲಿ ಕರಗಿಸಿ ಹಿಟ್ಟಿಗೆ ಹಾಕಿ. ಹಿಟ್ಟು ಸೇರುವುದೇ ಇಲ್ಲವೇನೋ ಎನ್ನುವಷ್ಟು ಉದುರುದುರಾಗಿರುತ್ತದೆ. ನೀರು ಹೆಚ್ಚಿಸಬೇಡಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟು ನಾದಿ, ಮತ್ತೆ ಅರ್ಧ ಗಂಟೆ ಬಿಡಿ. ಕ್ಷಾರ ತಾಕಿದ ಮೈದಾ ತಾನಾಗಿಯೇ ತಿಳಿ ಹಳದಿಗೆ ತಿರುಗುತ್ತದೆ, ಮೊಟ್ಟೆಯೂ ಬೇಡ, ಅರಿಶಿನವೂ ಬೇಡ. ಎರಡು ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಕಾರ್ನ್‌ಫ್ಲೋರ್ ಉದುರಿಸಿ, ಮಡಚಿ, ಮೂರು ಮಿ.ಮೀ. ಅಗಲಕ್ಕೆ ಚಾಕುವಿನಲ್ಲಿ ಕತ್ತರಿಸಿ. ಕುದಿಯುವ ನೀರಿನಲ್ಲಿ ಎರಡೂವರೆ ಮೂರು ನಿಮಿಷಕ್ಕೆ ಬೆಂದಿರುತ್ತದೆ.

ನೂಡಲ್ಸ್ ಮೇಲೆ ಹಾಕುವ ಮೇಲೋಗರಕ್ಕೆ ಬಾಣಲೆ ಬೇಕು. ಸಿಚುವಾನಿನಲ್ಲಿ ಹಂದಿಮಾಂಸದ ಕೈಮಾವನ್ನು ಯಿಬಿನ್ ಎಂಬ ಊರಿನ ಉಪ್ಪು ಹಾಕಿ ಹುದುಗಿಸಿದ ಸಾಸಿವೆ ಗಿಡದ ದಂಟಿನ ಜೊತೆ ಒಣಗಿ ಗರಿಗರಿಯಾಗುವವರೆಗೆ ಹುರಿಯುತ್ತಾರೆ. ಸಸ್ಯಾಹಾರಿಗಳು 40 ಗ್ರಾಂ ಸೋಯಾ ಗ್ರಾನ್ಯೂಲ್ಸನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬಟ್ಟೆಯಲ್ಲಿ ಹಾಕಿ ಒಂದು ಹನಿಯೂ ಉಳಿಯದಂತೆ ಹಿಂಡಿ, ಒಂದೂವರೆ ದೊಡ್ಡ ಚಮಚ ಎಣ್ಣೆ, ಹೆಚ್ಚಿದ ಶುಂಠಿಯೊಂದಿಗೆ ಎಂಟು ನಿಮಿಷ ಹುರಿಯಬೇಕು. ಹಿಂಡುವುದರಲ್ಲಿ ಸೋಮಾರಿತನ ಮಾಡಿದರೆ ಹಸಿ ಸೋಯಾ ವಾಸನೆ ಹೋಗುವುದಿಲ್ಲ. ಕೊನೆಗೆ ಎರಡು ಟೀ ಚಮಚ ಸೋಯಾ ಸಾಸ್. ಯಿಬಿನ್‌ನ ದಂಟಿಗೆ ಬದಲಾಗಿ ಮೂಲಂಗಿ ಸೊಪ್ಪು ಅಥವಾ ಸಾಸಿವೆ ಸೊಪ್ಪನ್ನು ಒಂದು ದಿನ ನೆರಳಲ್ಲಿ ಬಾಡಿಸಿ, ಸಣ್ಣಗೆ ಹೆಚ್ಚಿ, 250 ಗ್ರಾಮಿಗೆ 5 ಗ್ರಾಂ ಉಪ್ಪು ತಿಕ್ಕಿ, ಎರಡು ಗಂಟೆಯ ಮೇಲೆ ಹಿಂಡಿ, ಅರ್ಧ ಚಮಚ ಬೆಲ್ಲದೊಂದಿಗೆ ನೀರಾರುವವರೆಗೆ ಬಾಡಿಸಿಕೊಂಡರೆ ಉಪ್ಪು ಸಿಹಿ ಎರಡೂ ಸಿಗುತ್ತವೆ. ಹುದುಗಿನ ಹುಳಿ ಇರುವುದಿಲ್ಲ, ಅದು ಬೇಕೇ ಬೇಕೆಂದು ನಮ್ಮ ಉಪ್ಪಿನಕಾಯಿ ಹಾಕಬೇಡಿ. ಮೆಂತ್ಯ, ಇಂಗು ಬಂದ ಕೂಡಲೇ ದಾರಿ ತಪ್ಪುತ್ತದೆ.

ಅಜಿನೊಮೊಟೊ ಹಾಕಬೇಕೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಾಕದಿದ್ದರೂ ನಡೆಯುತ್ತದೆ, ಸೋಯಾ ಸಾಸಿನಲ್ಲಿ ಅದೇ ರುಚಿ ಕೊಡುವ ಗ್ಲುಟಮೇಟ್ ಸ್ವಾಭಾವಿಕವಾಗಿಯೇ ಇದೆ. ಹಾಕಿದರೆ ಇಬ್ಬರಿಗೆ ಒಂದು ಚಿಟಿಕೆ ಸಾಕು. ಅದನ್ನು ತಿಂದರೆ ಮೈ ಕೆಡುತ್ತದೆ ಎಂಬ ದಿಗಿಲು ಹಬ್ಬಿದ್ದು 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರ ಸಂಪಾದಕರಿಗೆ ಬಂದ ಒಂದು ಪತ್ರದಿಂದ, ಅದರಲ್ಲೂ ಕಾರಣ ಇದೇ ಎಂದು ಖಚಿತವಾಗಿ ಹೇಳಿರಲಿಲ್ಲ. ಹಾಕಿದ್ದು ಯಾವುದು, ಹಾಕದ್ದು ಯಾವುದು ಎಂದು ತಿಳಿಸದೆ ನಡೆಸಿದ ಪರೀಕ್ಷೆಗಳಲ್ಲಿ ಆ ದೂರು ಗಟ್ಟಿಯಾಗಿ ನಿಲ್ಲಲಿಲ್ಲ. ಸಂಪಾದಕರಿಗೆ ಪತ್ರ ಬರೆಯುವವರು ಎಚ್ಚರದಿಂದ ಬರೆಯಬೇಕು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಬಡಿಸುವ ಹೊತ್ತಿಗೆ ಅವಸರವಿರಬೇಕು. ಎರಡು ಬಟ್ಟಲನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಸಾಸ್ ಹಂಚಿ, ತಲಾ ಒಂದು ದೊಡ್ಡ ಚಮಚ ಖಾರದೆಣ್ಣೆಯನ್ನು ತಳದ ಗಸಿ ಸಮೇತ ಹಾಕಿ. ಪರಿಮಳ ಇರುವುದು ಗಸಿಯಲ್ಲಿ, ಮೇಲಿನ ಎಣ್ಣೆ ಬರೀ ಬಣ್ಣ. ಜಾಲರಿಯಲ್ಲಿ ಎತ್ತಿದ ನೂಡಲ್ಸನ್ನು ಒಮ್ಮೆ ಕೊಡವಿ ನೇರ ಬಟ್ಟಲಿಗೆ. ಮೇಲೆ ಮೇಲೋಗರ, ಒಡೆದ ಶೇಂಗಾ ಒಂದು ಚಮಚ, ಈರುಳ್ಳಿ ಹೂವಿನ ಹಸಿರು, ಜುಮ್ಮೆನ್ನಿಸುವ ಪುಡಿ. ಸೌತೆಕಾಯಿಯನ್ನು ಉದ್ದುದ್ದ ಸಣ್ಣಗೆ ಹೆಚ್ಚಿ ಬದಿಗಿಟ್ಟರೆ ಖಾರದ ನಡುವೆ ಉಸಿರಾಡಲು ಜಾಗ. ಕಲಸುವಾಗ ಬಿಗಿಯಾಯಿತು ಎನಿಸಿದರೆ ಎರಡು ಚಮಚ ನೂಡಲ್ಸ್ ಬೆಂದ ನೀರು. ಆ ನೀರನ್ನು ಸಿಂಕಿಗೆ ಸುರಿಯುವ ಮೊದಲು ಒಂದು ಲೋಟ ತೆಗೆದಿಡುವುದನ್ನು ಮರೆಯುವವರೇ ಹೆಚ್ಚು.

ಬೇಸಿಗೆಯಲ್ಲಿ ತಣ್ಣಗೆ ತಿನ್ನುವ ರೂಢಿಯೂ ತೈವಾನ್, ಸಿಚುವಾನ್ ಎರಡೂ ಕಡೆ ಇದೆ. ಆಗ ಮಾತ್ರ ನೂಡಲ್ಸನ್ನು ಪೂರ್ತಿ ಬೇಯಿಸಿ, ತಣ್ಣೀರಿನಲ್ಲಿ ತೊಳೆದು, ಒಂದು ಟೀ ಚಮಚ ಎಣ್ಣೆ ಸವರಿ ಫ್ಯಾನಿನ ಕೆಳಗೆ ಆರಿಸಬೇಕು. ತಣ್ಣಗಾದ ಶೇಂಗಾ ಸಾಸ್ ಬಿಗಿಯುವುದರಿಂದ ನೀರು ಎರಡು ಚಮಚ ಹೆಚ್ಚು, ತಣ್ಣಗಿದ್ದಾಗ ಹುಳಿ ಉಪ್ಪು ಮಂಕಾಗುವುದರಿಂದ ವಿನಿಗರ್ ಅರ್ಧ ಚಮಚ ಹೆಚ್ಚು. ಮಕ್ಕಳ ಡಬ್ಬಿಗೆ ಹಾಕುವವರು ಸಾಸನ್ನು ಬೇರೆ ಚಿಕ್ಕ ಡಬ್ಬಿಯಲ್ಲಿ ಕಳಿಸಿ. ಮೊದಲೇ ಕಲಸಿದರೆ ಮಧ್ಯಾಹ್ನದ ಹೊತ್ತಿಗೆ ಡಬ್ಬಿಯ ಆಕಾರದ ಇಟ್ಟಿಗೆ ಸಿಗುತ್ತದೆ. ತರಗತಿಯಲ್ಲಿ ಯಾರಿಗಾದರೂ ಶೇಂಗಾ ಅಲರ್ಜಿ ಇದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ, ಹಂಚಿಕೊಂಡ ಒಂದು ತುತ್ತು ಸಾಕು ಅನಾಹುತಕ್ಕೆ. ಉಳಿದ ಸಾಸ್ ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಹೊರತೆಗೆದಾಗ ಒಡೆದಂತೆ ಕಂಡರೆ ಒಲೆಯ ಮೇಲಿಡದೆ, ಒಂದು ಚಮಚ ಬಿಸಿ ನೀರು ಹಾಕಿ ಗೋಡೆಗೆ ಒತ್ತಿ ತಿಕ್ಕಿದರೆ ಮತ್ತೆ ಕೂಡುತ್ತದೆ.

ಇತಿ,
ಅಡುಗೆ ಕಲಿಸುವ ಕೆಲವು ಓದುಗರು